ಊರೊಳಗಿನ ಕೊರತೆ ಹುಡುಕುವವರಿಗೆ ಏಳು ಸೂತ್ರಗಳು

‘ನಿಮ್ಮ ಊರಿನ ಬಡ ಬಡಾವಣೆಗಳ ಅಧ್ಯಯನ’ ಎಂಬ ಪ್ರಾಜೆಕ್ಟ್ ಕೊಟ್ಟರೆ ಹೆಚ್ಚಿನವರು ಸೀದಾ ಕೊಳೆಗೇರಿಗೆ ಹೋಗಿ ನಾಲ್ಕು ಫೋಟೊ ತೆಗೆದುಕೊಂಡು ಬರುತ್ತಾರೆ. ಅಂಕ ಸಿಕ್ಕೀತು, ಊರು ಅರ್ಥವಾಗದು.

1. ಮೊದಲು ವಾರ್ಡುವಾರು ಅಂಕಿ ಹಿಡಿಯಿರಿ. ನೀರು, ಶೌಚಾಲಯ, ಛಾವಣಿ, ಒಲೆಯ ಉರುವಲು, ಬ್ಯಾಂಕ್ ಖಾತೆ ಎಲ್ಲವೂ 2011ರ ಜನಗಣತಿಯಲ್ಲಿವೆ. ಆದರೆ ಜನಧನ್ ಮತ್ತು ಸ್ವಚ್ಛ ಭಾರತ್ ಬಂದದ್ದು 2014ರಲ್ಲಿ, ಉಜ್ವಲಾ 2016ರಲ್ಲಿ. ಹಾಗಾಗಿ ಖಾತೆ, ಶೌಚಾಲಯ, ಗ್ಯಾಸಿನ ಆ ಅಂಕಿಗಳನ್ನು ಇವತ್ತಿನ ಸ್ಥಿತಿ ಎಂದು ಬರೆದುಬಿಡಬೇಡಿ.

2. ಸರಾಸರಿಯನ್ನು ನಂಬಬೇಡಿ. ಒಂದೇ ವಾರ್ಡಿನಲ್ಲಿ ನೌಕರರ ಬಡಾವಣೆಯೂ ಇರುತ್ತದೆ, ರಾಜಕಾಲುವೆಗೆ ಅಂಟಿಕೊಂಡ ಒಂದು ಸಾಲು ತಗಡಿನ ಮನೆಗಳೂ ಇರುತ್ತವೆ. ಎರಡನ್ನೂ ಕೂಡಿಸಿ ಭಾಗಿಸಿದರೆ ಆ ತಗಡಿನ ಸಾಲೇ ಮಾಯ.

3. ಕೊಳೆಗೇರಿಯ ಪಟ್ಟಿಯೇ ಬಡವರ ಪಟ್ಟಿಯಲ್ಲ. ಕರ್ನಾಟಕದಲ್ಲಿ 1973ರ ಕೊಳೆಗೇರಿ ಕಾಯ್ದೆಯಡಿ ಘೋಷಣೆಯಾದ ಕೊಳೆಗೇರಿಗಳಿವೆ. ಘೋಷಣೆಯಾಗದ ಜಾಗವನ್ನು ಜನಗಣತಿ ಗುರುತಿಸಬೇಕಾದರೆ ಅಲ್ಲಿ ಸುಮಾರು 60–70 ಮನೆಗಳಾದರೂ ಒತ್ತಾಗಿರಬೇಕು. ಕಟ್ಟಡದ ಪಕ್ಕದ ಖಾಲಿ ಸೈಟಿನಲ್ಲಿ ಟಾರ್ಪಾಲು ಕಟ್ಟಿಕೊಂಡ ಹತ್ತು ಕುಟುಂಬಗಳು ಯಾವ ಪಟ್ಟಿಗೂ ಸೇರುವುದಿಲ್ಲ. ನನ್ನ ಕೇಳಿದರೆ ಹುಡುಕಾಟ ಶುರುವಾಗಬೇಕಾದ್ದೇ ಅಲ್ಲಿಂದ. ಬಿಪಿಎಲ್ ಕಾರ್ಡ್ ಎಣಿಸಿಯೂ ಪ್ರಯೋಜನವಿಲ್ಲ. ಇವರ ಕಾರ್ಡು ಹುಟ್ಟೂರಲ್ಲಿ, ದುಡಿಮೆ ಇಲ್ಲಿ.

4. ನೀರಿನ ಬಗ್ಗೆ ಸರಿಯಾಗಿ ಕೇಳಿ. ‘ನಲ್ಲಿ ಇದೆಯೇ?’ ಎಂದರೆ ಎಲ್ಲರೂ ‘ಹೌದು’ ಅಂತಾರೆ. ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ, ಎಷ್ಟು ತಾಸು ಬರುತ್ತದೆ ಎಂದು ಕೇಳಿ. ಹುಬ್ಬಳ್ಳಿ-ಧಾರವಾಡದ ಕೆಲವು ಪ್ರಾಯೋಗಿಕ ವಲಯಗಳಿಗೆ 2008ರ ಹೊತ್ತಿಗೇ ದಿನದ 24 ತಾಸೂ ನೀರು ಬಂತು; ಅದೇ ಅವಳಿ ನಗರದ ಉಳಿದ ಓಣಿಗಳು ದಿನಗಟ್ಟಲೆ ಕಾದವು. ಬಾಗಿಲ ಮುಂದಿನ ನೀಲಿ ಬ್ಯಾರಲ್‌ಗಳನ್ನು ಎಣಿಸಿ. ಅವೆಷ್ಟು ದಿನಕ್ಕೆ ಸಾಕಾಗುತ್ತವೆ, ನೀರು ಬಿಡುವ ದಿನ ಮನೆಯಲ್ಲಿ ಯಾರು ಕೂಲಿ ಬಿಟ್ಟು ಕೂರುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಸಂಪು, ಮೋಟಾರು ಇರುವ ಮನೆಗೆ ಈ ಪ್ರಶ್ನೆಯೇ ತಟ್ಟುವುದಿಲ್ಲ.

5. ಬೀದಿ ಬೀದಿ ನಡೆಯಿರಿ. ಚಾರ್ಲ್ಸ್ ಬೂತ್ 1889ರಲ್ಲಿ ಲಂಡನ್ನಿನ ಬಡತನದ ನಕ್ಷೆ ಪ್ರಕಟಿಸಿದಾಗ ಬಣ್ಣ ಬಳಿದದ್ದು ಬೀದಿಗಳಿಗೆ, ವಾರ್ಡುಗಳಿಗಲ್ಲ. ಶ್ರೀಮಂತ ಬೀದಿಯ ಬೆನ್ನಿಗೇ ಬಡ ಗಲ್ಲಿ ಇರುವುದು ಅದರಿಂದ ಕಣ್ಣಿಗೆ ಬಿತ್ತು. ಅವನಿಂದ ಕಲಿಯಬಾರದ್ದೂ ಒಂದಿದೆ: ತೀರಾ ಕೆಳಗಿನವರಿಗೆ ಕಪ್ಪು ಬಣ್ಣ ಕೊಟ್ಟು ‘ಅರೆ ಅಪರಾಧಿಗಳು’ ಎಂದು ಹೆಸರಿಟ್ಟ. ನೀವು ಸೌಲಭ್ಯಕ್ಕೆ ಬಣ್ಣ ಕೊಡಿ, ಜನರ ನಡತೆಗಲ್ಲ.

6. ಕೊರತೆಗಳನ್ನು ಬೇರೆ ಬೇರೆ ಅಳೆದು ಆಮೇಲೆ ಕೂಡಿಸಿ. ಇಂಗ್ಲೆಂಡಿನ 2019ರ ಕೊರತೆ ಸೂಚ್ಯಂಕದಲ್ಲಿ ಏಳು ವಿಭಾಗಗಳಿವೆ. ಆದಾಯಕ್ಕೂ ಉದ್ಯೋಗಕ್ಕೂ ತಲಾ ಶೇ 22.5 ತೂಕ. ಯಾವುದಕ್ಕೆ ಎಷ್ಟು ತೂಕ ಎನ್ನುವುದು ನಿಮ್ಮ ತೀರ್ಮಾನ, ಅದನ್ನು ಬರೆದು ತೋರಿಸಿ. ತೂಕ ಬದಲಿಸಿದರೂ ಕೊನೆಯ ಸ್ಥಾನದಲ್ಲೇ ಉಳಿಯುವ ಓಣಿ ಯಾವುದೆಂದು ನೋಡಿ.

7. ಕೂಲಿಯವರು ಮನೆಗೆ ಬರುವ ಹೊತ್ತಿಗೆ ಹೋಗಿ. ಆದಾಯ ಕೇಳಿದರೆ ಅಂದಾಜು ಹೇಳುತ್ತಾರೆ, ಬಾಡಿಗೆ ಕೇಳಿದರೆ ನಿಖರವಾಗಿ ಹೇಳುತ್ತಾರೆ. ನಕ್ಷೆಯಲ್ಲಿ ಮಾತ್ರ ಮನೆ ನಂಬರು ಹಾಕಬೇಡಿ. ಹಕ್ಕುಪತ್ರವಿಲ್ಲದ ಮನೆಗಳ ಪಟ್ಟಿ ತೆರವಿಗೆ ಬರುವವರ ಕೈಗೂ ಸಿಗುತ್ತದೆ.