ಶಾಲಿಗೆ ಲೇಸಿನ ಅಂಚು ಹೆಣೆಯುವ ಕ್ರಮ

ತಿಂಗಳುಗಟ್ಟಲೆ ಶ್ರಮದಿಂದ ಹೆಣೆದ ಉಣ್ಣೆಯ ಶಾಲು, ಕಡೆಯ ಸಾಲಿನ ಕುಣಿಕೆಗಳನ್ನು ಅವಸರದಿಂದ ಬಿಗಿಯಾಗಿ ಮುಚ್ಚಿದ್ದರಿಂದ, ಚೀಲದ ಬಾಯಿಯಂತೆ ಮುದುರಿಕೊಂಡುದನ್ನು ನಾವು ಎಷ್ಟೋ ಸಾರಿ ಕಂಡಿರುವೆವು. ಅಂಚು ಶಾಲಿಗಿಂತ ಬಿಗಿಯಾಗಿರಕೂಡದು. ಇದೇ ಈ ಪಾಠದ ಸಾರವು.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಷೆಟ್ಲೆಂಡ್ ದ್ವೀಪಗಳ ಸ್ತ್ರೀಯರು ಇದನ್ನು ಚೆನ್ನಾಗಿ ಬಲ್ಲವರು. ಮದುವೆಯ ಉಂಗುರದೊಳಗಿಂದ ಎಳೆಯಬಹುದಾದಷ್ಟು ನವುರಾದ ಶಾಲುಗಳಿಗೆ ಅಲ್ಲಿಯ ಅನ್ಸ್ಟ್ ದ್ವೀಪವು ಹೆಸರಾಗಿದೆ. ಅವರ ಹಳೆಯ ಪದ್ಧತಿಯಲ್ಲಿ ಲೇಸಿನ ಅಂಚನ್ನೇ ಮೊದಲು ಹೆಣೆದು, ಅದರ ಬದಿಯಿಂದ ಕುಣಿಕೆಗಳನ್ನೆತ್ತಿ, ಒಳಗಿನ ಭಾಗವನ್ನು ಹೆಣೆಯುವರು. ಹೀಗೆ ಹೊರಗಡೆ ಬಿಗಿಯಾದ ಸಾಲೇ ಉಂಟಾಗದು. ನಡುಭಾಗವು ಮೊದಲೇ ಸಿದ್ಧವಾಗಿದ್ದರೆ ಅಂಚನ್ನು ಅಡ್ಡವಾಗಿ ಹೆಣೆಯುತ್ತಾ ಶಾಲಿಗೆ ಕೂಡಿಸತಕ್ಕದ್ದು.

ಚೌಕದ ಶಾಲಿನ ಪ್ರತಿಯೊಂದು ಬದಿಗೆ 120ರಂತೆ 480 ಕುಣಿಕೆಗಳಿರಲಿ. ಅವುಗಳನ್ನು ಮುಚ್ಚದೆ ದಾರದಲ್ಲಿ ಪೋಣಿಸಿಟ್ಟು, ಬೇಕಾದಷ್ಟನ್ನು ಕಡ್ಡಿಗೆ ತೆಗೆದುಕೊಳ್ಳಿರಿ. ಒಂದು ಬದಿಯ ಮೂರನೆಯ ಕುಣಿಕೆಯ ಬಳಿಯಲ್ಲಿ 4 ಹೊಸ ಕುಣಿಕೆಗಳನ್ನು ಹಾಕಿ, ಒಂದು ಸಾಲು ಸಾದಾ ಹೆಣೆದು ತಿರುಗಿಸಿರಿ.

ಹೊರಕ್ಕೆ ಹೋಗುವ ಸಾಲು: 2 ಕುಣಿಕೆ ಹೆಣೆದು, ನೂಲನ್ನು ಕಡ್ಡಿಗೆ ಒಮ್ಮೆ ಸುತ್ತಿ, ಉಳಿದವನ್ನು ಹೆಣೆಯಿರಿ. ಸುತ್ತಿದ ನೂಲು ಒಂದು ತೂತಾಗಿ, ಕುಣಿಕೆಯೂ ಒಂದು ಹೆಚ್ಚುವುದು.

ಮರಳುವ ಸಾಲು: ಸಾದಾ ಹೆಣೆದು, ಅಂಚಿನ ಕೊನೆಯ ಕುಣಿಕೆಯನ್ನು ಶಾಲಿನ ಒಂದು ಕುಣಿಕೆಯೊಡನೆ ಕೂಡಿಸಿ ಹೆಣೆಯಿರಿ.

ಹೀಗೆ 7 ಸಾಲುಗಳಾದಾಗ ಅಂಚಿನಲ್ಲಿ 8 ಕುಣಿಕೆಗಳಿರುವುವು. ಎಂಟನೆಯ ಸಾಲಿನ ಆರಂಭದಲ್ಲಿ 4ನ್ನು ಸಡಿಲವಾಗಿ ಮುಚ್ಚಿ, ಉಳಿದವನ್ನು ಹೆಣೆದು ಶಾಲಿಗೆ ಕೂಡಿಸಿರಿ. ಗರಗಸದ ಹಲ್ಲಿನಂಥ ಒಂದು ಮೊನೆಯು ಸಿದ್ಧವಾಯಿತು. ಶಾಲಿನ 4 ಕುಣಿಕೆಗಳು ಮುಗಿದುವು.

ಮೂಲೆಯಲ್ಲಿ ವಿಶೇಷ ಎಚ್ಚರಿಕೆ ಬೇಕು. ಅಲ್ಲಿ ಅಂಚಿನ ಹೊರಮೈ ಒಳಮೈಗಿಂತ ಹೆಚ್ಚು ದೂರ ಸುತ್ತಬೇಕಾಗುವುದು. ಆದುದರಿಂದ ಮೂಲೆಯ ಎರಡು ಪಕ್ಕಗಳ ಎರಡೆರಡು ಕುಣಿಕೆಗಳಿಗೆ ಒಂದರ ಬದಲು ಎರಡು ಮೊನೆಗಳನ್ನು ಹೆಣೆಯಿರಿ. ಅಂದರೆ, ಮರಳುವ ಸಾಲನ್ನು ಒಮ್ಮೆ ಕೂಡಿಸಿದರೆ ಮತ್ತೊಮ್ಮೆ ಕೂಡಿಸದೆ ತಿರುಗಿಸಿರಿ. ಇದನ್ನು ಬಿಟ್ಟರೆ ಮೂಲೆಯು ಮೇಲಕ್ಕೆ ಮಡಿಚಿಕೊಳ್ಳುವುದು.

ಬದಿಗೆ 29, ಮೂಲೆಗೆ 2, ಒಟ್ಟು 124 ಮೊನೆಗಳು. ಮೊದಲೇ ಬೇರೆಯಾಗಿ ಎರಡು ಮೊನೆ ಹೆಣೆದು, ಬಿಚ್ಚಿ, ನೂಲನ್ನು ಅಳೆದು 62ರಿಂದ ಗುಣಿಸಿರಿ; ಅಷ್ಟಕ್ಕಿಂತ ತುಸು ಹೆಚ್ಚು ಉಣ್ಣೆಯನ್ನು ತೆಗೆದಿಡಿರಿ. ಸುತ್ತು ಮುಗಿದ ಮೇಲೆ ಉಳಿದ 4 ಕುಣಿಕೆಗಳನ್ನು ಆರಂಭದ ತುದಿಗೆ ಸೂಜಿಯಿಂದ ಹೊಲಿಯಿರಿ.

ಬಳಿಕ ಶಾಲನ್ನು ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಟವಲಿನಲ್ಲಿ ಸುತ್ತಿ ಒತ್ತಿರಿ. ದಪ್ಪ ಬಟ್ಟೆಯ ಮೇಲೆ ಹರಡಿ, ಪ್ರತಿಯೊಂದು ಮೊನೆಗೂ ಗುಂಡುಸೂಜಿ ಚುಚ್ಚಿ, ನೆರಳಿನಲ್ಲಿ ಒಣಗಿಸಿರಿ. ಆಗಲೇ ಲೇಸಿನ ಕಣ್ಣುಗಳು ತೆರೆಯುವುವು.

ನಮ್ಮ ಹಳೆಯ ವಿದ್ಯಾರ್ಥಿನಿಯರು ಹಸುಗೂಸಿಗಾಗಲಿ, ವೃದ್ಧೆಯಾದ ತಾಯಿಗಾಗಲಿ ಹೆಣೆಯುವ ಶಾಲು ಬಹುಕಾಲ ಬಾಳಬೇಕಾದುದು. ಕಡೆಯ ಸುತ್ತಿಗೂ ಮೊದಲ ಸಾಲಿನಷ್ಟೇ ತಾಳ್ಮೆಯು ಸಲ್ಲತಕ್ಕದ್ದು.