ಜಪಾನೀ ಒಕ್ಕಲುಗಳು ಮತ್ತು ಕಾಫಿ ಗಿಡ

ಚಹಾ ಕುಡಿಯುವ ಜಪಾನಿನವರು ಹೊರದೇಶಗಳಿಗೆ ಹೋಗಿ ಕಾಫಿ ಬೆಳೆಗಾರರಾದ ಸಂಗತಿಯನ್ನು ನಮ್ಮಲ್ಲಿ ಬಲ್ಲವರು ಕಡಿಮೆ. ಕೂಲಿ, ಗೇಣಿ, ಅಂಗಡಿಯ ಉದ್ದರಿ ಇವುಗಳನ್ನು ಕಂಡುಂಡ ವಾಚಕರಿಗೆ ಅದು ಪರಕೀಯವೆನಿಸಲಾರದು.

1885ರಿಂದ ಜಪಾನೀ ಕೂಲಿಗಳು ಮೂರು ವರ್ಷದ ಕರಾರಿನ ಮೇಲೆ ಹವಾಯಿ ದ್ವೀಪಗಳ ಕಬ್ಬಿನ ತೋಟಗಳಿಗೆ ಹೋದರು. ಕರಾರು ಮುಗಿಸಿದವರೂ, ಮುಗಿಯುವ ಮೊದಲೇ ಓಡಿಬಂದವರೂ ಕೋನಾ ಎಂಬ ಗುಡ್ಡದ ಸೀಮೆಯನ್ನು ಸೇರಿದರು. 1899ರ ಸುಮಾರಿಗೆ ಕಾಫಿಯ ಬೆಲೆ ಕುಸಿದು ದೊಡ್ಡ ತೋಟಗಾರರು ಕೈಬಿಟ್ಟಾಗ, ಆ ನೆಲವನ್ನು 5ರಿಂದ 15 ಎಕರೆಯ ತುಂಡುಗಳಾಗಿ ಒಡೆದು ಇವರಿಗೆ ಗೇಣಿಗೆ ಕೊಟ್ಟರು. ಬೆಲೆ ಬಿದ್ದ ಬೆಳೆಯನ್ನು ಕೂಲಿ ಕೊಟ್ಟು ಬೆಳೆಸಿದರೆ ಗಿಟ್ಟದು. ಮನೆಮಂದಿಯೇ ಕಳೆ ಕಿತ್ತು, ಹಣ್ಣು ಕೊಯ್ದು, ಸಿಪ್ಪೆ ಬಿಡಿಸಿ, ಒಣಗಿಸಿದರೆ ಹೇಗೋ ನಡೆಯುತ್ತದೆ. ದೊಡ್ಡ ತೋಟ ಸೋತಲ್ಲಿ ಸಂಸಾರದ ಬೇಸಾಯ ನಿಂತುದು ಹೀಗೆ. ನಿಂತರೂ ಸಾಲ ಬಿಡಲಿಲ್ಲ. ಅಕ್ಕಿ, ಗೊಬ್ಬರಗಳನ್ನು ಉದ್ದರಿ ತಂದವನು ಸಾಲ ಕೊಟ್ಟವರ ಗಿರಣಿಗೇ ಕಾಫಿ ಹಾಕಬೇಕಾಗಿತ್ತು. ಚೀಲ ಹೊರಲು ಕತ್ತೆಗಳಿದ್ದವು. 1932ರಿಂದ 1969ರವರೆಗೆ ಅಲ್ಲಿನ ಶಾಲೆಗಳ ದೊಡ್ಡ ರಜೆಯನ್ನು ಆಗಸ್ಟಿನಿಂದ ನವೆಂಬರಿನವರೆಗಿನ ಕೊಯ್ಲಿಗೆ ಹೊಂದಿಸಿದ್ದರು. ಸುಗ್ಗಿಯ ದಿನಗಳಲ್ಲಿ ಹಾಜರಿ ಪುಸ್ತಕವನ್ನು ಕಂಡ ಯಾವ ಉಪಾಧ್ಯಾಯನಿಗೂ ಇದು ವಿವೇಕದ ಏರ್ಪಾಡೆಂದೇ ತೋರೀತು.

ಬ್ರೆಜಿಲಿನ ಕಥೆ ಇನ್ನೂ ಕಠಿಣವಾದುದು. 1888ರಲ್ಲಿ ಗುಲಾಮಗಿರಿ ರದ್ದಾದ ಮೇಲೆ ಸಾವೊ ಪೌಲೊ ಪ್ರಾಂತದ ಕಾಫಿ ತೋಟಗಳಲ್ಲಿ ಹೆಚ್ಚಾಗಿ ಇಟಲಿಯವರು ದುಡಿಯುತ್ತಿದ್ದರು. ಅವರ ದುಃಸ್ಥಿತಿಯನ್ನು ತಿಳಿದ ಇಟಲಿ ಸರಕಾರವು 1902ರಲ್ಲಿ ಪುಕ್ಕಟೆ ಪ್ರಯಾಣ ಕೊಟ್ಟು ಕರೆದೊಯ್ಯುವುದನ್ನು ತಡೆಯಿತು. ಇತ್ತ 1907–08ರ ಒಡಂಬಡಿಕೆಯಿಂದ ಅಮೆರಿಕೆಯ ಬಾಗಿಲು ಜಪಾನೀ ಕೂಲಿಗಳಿಗೆ ಮುಚ್ಚಿತು. ಅಲ್ಲಿ ಆಳು ಬೇಕು, ಇಲ್ಲಿ ಆಳಿಗೆ ದಾರಿ ಬೇಕು. 1908ರ ಏಪ್ರಿಲ್ 28ರಂದು ಕಾಸಾತೊ ಮಾರು ಎಂಬ ಹಡಗು 781 ಕರಾರು ಕೂಲಿಗಳನ್ನು ಹೊತ್ತು ಕೋಬೆ ಬಂದರನ್ನು ಬಿಟ್ಟಿತು. ಜೂನ್ 18ಕ್ಕೆ ಸಾಂತೋಸ್ ಮುಟ್ಟಿತು.

ಕರಾರಿನಂತೆ ಒಂದು ಕುಟುಂಬದಲ್ಲಿ ದುಡಿಯುವವರು ಮೂವರಾದರೂ ಇರಬೇಕು. ಇಲ್ಲದವರು ಕಾಗದದ ಮೇಲೆ ಅಣ್ಣತಮ್ಮಂದಿರಾದರು, ಗಂಡಹೆಂಡಿರೂ ಆದರು! ಕೂಲಿಯೋ ಕೊಯ್ದ ಚೀಲದ ಲೆಕ್ಕದಲ್ಲಿ. ಮುದಿ ಗಿಡಗಳಲ್ಲಿ ಹಣ್ಣು ವಿರಳ, ಬಂದದ್ದೂ ಕೊಯ್ಲು ಆರಂಭವಾದ ಮೇಲೆ. ದಿನವಿಡೀ ಕೈಯಾಡಿಸಿದರೂ ಚೀಲ ತುಂಬಬೇಕಲ್ಲ. ಬೆಳೆದದ್ದು ತೋಟದ ಅಂಗಡಿಯ ಬಾಕಿ ಮಾತ್ರ. ವರ್ಷ ತುಂಬುವುದರೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿ ತೋಟ ಬಿಟ್ಟು ಹೋದರು.

ಮುಂದೆ ಬಂದವರಲ್ಲಿ ಅನೇಕರು ಕಾಫಿಯ ಸಾಲುಗಳ ನಡುವೆ ಮೆಕ್ಕೆಜೋಳ, ಕಾಳು ಬೆಳೆದು ಹಣ ಕೂಡಿಸಿ, ಕಾಡು ಕಡಿದು ಸ್ವಂತ ನೆಲ ಮಾಡಿದರು. 1915ರಲ್ಲಿ ಹಿರಾನೊ ಎಂಬವರ ಮುಂದಾಳುತನದಲ್ಲಿ ಹೋದ ಒಂದು ಗುಂಪು ಭತ್ತದ ಆಸೆಯಿಂದ ಹೊಳೆಯ ಬದಿಯ ತಗ್ಗಿನಲ್ಲಿ ಗುಡಿಸಲು ಹಾಕಿತು. ಮಲೇರಿಯಾ ಹತ್ತಿ ಕೆಲವೇ ತಿಂಗಳಲ್ಲಿ ಹತ್ತಾರು ಮಂದಿ ಸತ್ತರು. ನೀರು ನೋಡಿದರು, ಸೊಳ್ಳೆಯನ್ನು ನೋಡಲಿಲ್ಲ.

1895ರಿಂದ 1945ರವರೆಗೆ ಜಪಾನಿನ ವಶದಲ್ಲಿದ್ದ ತೈವಾನಿನಲ್ಲಿಯೂ ಕಾಫಿ ತೋಟಗಳೆದ್ದವು. ಜಪಾನಿನೊಳಗೆ ಕುಡಿಯುವವರೂ ಬೇಕಲ್ಲ! ಮೊದಲ ಹಡಗಿನ ಕೂಲಿಗಳನ್ನು ಕರೆದೊಯ್ದ ಮಿಜುನೊ ರ್‍ಯೊ ಎಂಬವರೇ, ಸಾವೊ ಪೌಲೊ ಸರಕಾರ ಪುಕ್ಕಟೆಯಾಗಿ ಕೊಟ್ಟ ಬೀಜದಿಂದ, 1911ರಲ್ಲಿ ಟೋಕಿಯೋ ನಗರದ ಗಿಂಜಾದಲ್ಲಿ ಕಾಫೆ ಪೌಲಿಸ್ತಾ ಎಂಬ ಕಾಫಿ ಅಂಗಡಿ ತೆರೆದರು. ಬಟ್ಟಲಿಗೆ ಐದು ಸೆನ್.