ಮನೆಯೊಳಗಿನ ಬೆಳಕು ಮತ್ತು ಪೀಠೋಪಕರಣ: ಅಳತೆಯಿಂದ ಆಯ್ಕೆಗೆ ಒಂದು ಸಮನ್ವಯ ಪಾಠ

ತರಗತಿ: 9
ವಿಷಯ: ಗಣಿತ ಮತ್ತು ವಿಜ್ಞಾನ
ಅವಧಿ: 40 ನಿಮಿಷಗಳ ಎರಡು ಪೀರಿಯಡ್‌ಗಳು

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಲೇಔಟ್ ಭಾಗದ ಶಾಲೆಗಳಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗಳಿಗೆ ‘ಮನೆಯ ಒಳಾಂಗಣ’ ಸುಲಭದ ವಿಷಯ ಎನಿಸುವುದು ಸಹಜ. ದೀಪದ ಅಂಗಡಿ, ಸೋಫಾ ಅಂಗಡಿಗಳು ಶಾಲೆಯ ದಾರಿಯಲ್ಲೇ ಇವೆ, ಚಿತ್ರಗಳು ಬೇಕಾದಷ್ಟು ಸಿಗುತ್ತವೆ, ಮಕ್ಕಳಿಗೂ ಆಸಕ್ತಿಯಿದೆ. ಆದರೆ ಇಲ್ಲಿನ ತರಗತಿಗಳಲ್ಲಿ 40×60 ಸೈಟಿನ ಸ್ವಂತ ಮನೆಯ ಮಗುವಿನ ಪಕ್ಕದಲ್ಲೇ ಒಂದೇ ಕೋಣೆಯ ಬಾಡಿಗೆ ಮನೆಯ ಮಗುವೂ ಕುಳಿತಿರಬಹುದು. “ನಿಮ್ಮ ಮನೆಯಲ್ಲಿ ಎಂಥ ಸೋಫಾ ಇದೆ?” ಎಂಬ ಒಂದು ಪೀಠಿಕಾ ಪ್ರಶ್ನೆ ಸಾಕು, ಎರಡನೆಯ ಮಗು ಗಂಟೆ ಹೊಡೆಯುವವರೆಗೂ ಬಾಯಿ ಬಿಡದೆ ಇರಲು.

ಹಾಗೆಂದು ವಿಷಯವನ್ನೇ ಕೈಬಿಡಬೇಕಿಲ್ಲ. ಜಾಗ ಕಡಿಮೆ ಇರುವ ಮನೆಗೇ ಈ ಪಾಠದ ಅಗತ್ಯ ಹೆಚ್ಚು. ಮನೆಗೆ ಸೋಫಾ ಸೆಟ್ ಬಂದ ದಿನ ಮಗು ಓದುತ್ತಿದ್ದ ಮೂಲೆ ಹೋಗಬಹುದು. ಸೀಲಿಂಗಿನಲ್ಲಿ ಬಣ್ಣದ ದೀಪ ಬಂದರೂ ಪುಸ್ತಕದ ಮೇಲೆ ನೆರಳೇ ಉಳಿಯಬಹುದು. ಆದ್ದರಿಂದ ಈ ಪಾಠದ ಮೂಲ ಸೂತ್ರ ಇಷ್ಟೇ: ಕೋಣೆಯಲ್ಲಿ ನಡೆಯುವ ಕೆಲಸ ಮೊದಲು, ಅದಕ್ಕೆ ಬೇಕಾದ ಅಳತೆ ಮತ್ತು ಬೆಳಕು ಆಮೇಲೆ, ಕೊಳ್ಳುವ ವಸ್ತು ಕೊನೆಗೆ.

ಕಲಿಕಾ ಉದ್ದೇಶಗಳು

ವಿದ್ಯಾರ್ಥಿಯು
1. ಕೊಟ್ಟ ಕೋಣೆಯ ನಕ್ಷೆಯನ್ನು ಪ್ರಮಾಣಬದ್ಧವಾಗಿ ರಚಿಸುತ್ತಾನೆ/ಳೆ.
2. ವ್ಯಾಟ್, ಲ್ಯೂಮೆನ್, ಲಕ್ಸ್‌ಗಳ ವ್ಯತ್ಯಾಸವನ್ನು ಗುರುತಿಸುತ್ತಾನೆ/ಳೆ.
3. ಪೀಠೋಪಕರಣ ಮತ್ತು ದೀಪದ ಆಯ್ಕೆಗೆ ಲೆಕ್ಕದ ಆಧಾರದಿಂದ ಕಾರಣ ಕೊಡುತ್ತಾನೆ/ಳೆ.

ಬೋಧನೋಪಕರಣಗಳು

ಅಳತೆಪಟ್ಟಿ, ಗ್ರಾಫ್ ಹಾಳೆ, ರಟ್ಟಿನ ತುಂಡುಗಳು, ಒಂದು ಟೇಬಲ್ ಲ್ಯಾಂಪ್, ಎಲ್‌ಇಡಿ ಬಲ್ಬುಗಳ ನಾಲ್ಕೈದು ಖಾಲಿ ಡಬ್ಬಿಗಳು. ಡಬ್ಬಿಗಳನ್ನು ಎಸೆಯುವ ಮುನ್ನ ಕೇಳಿ ತಂದರೆ ಖರ್ಚಿಲ್ಲ. ಲೆಕ್ಕಕ್ಕೆ ಬೇಕಾದ ಅಂಕಿಗಳೆಲ್ಲ ಅವುಗಳ ಮೇಲೆಯೇ ಇರುತ್ತವೆ.

ಪೀಠಿಕೆ (10 ನಿಮಿಷ)

ಶಿವನಸಮುದ್ರದಲ್ಲಿ 1902ರಲ್ಲಿ ಉತ್ಪಾದನೆಯಾದ ವಿದ್ಯುತ್ ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹತ್ತಿತು. ಈ ಎರಡು ವಾಕ್ಯ ಹೇಳಿ ಹೀಗೆ ಕೇಳಬಹುದು: “ಬೀದಿಗೆ ದೀಪ ಬಂದದ್ದೇ ದೊಡ್ಡ ಸುದ್ದಿಯಾಗಿದ್ದ ಊರಿನಲ್ಲಿ ಈಗ ಒಂದು ಹಾಲಿಗೇ ಹತ್ತು ದೀಪ ಹಾಕಿಸುವವರಿದ್ದಾರೆ. ಹತ್ತು ದೀಪ ಇದ್ದರೆ ಓದಲು ಬೆಳಕು ಸಾಕಾಗುತ್ತದೆಯೇ?”

ಉತ್ತರಗಳನ್ನು ಕಪ್ಪುಹಲಗೆಯ ಮೇಲೆ ಬರೆಯಿರಿ, ಸರಿ-ತಪ್ಪು ಹೇಳಬೇಡಿ. ನಂತರ ಊರಿನ ಸ್ಥಿತಿಯನ್ನು ವಿವರಿಸಿ. 20×30, 30×40 ಅಡಿ ಸೈಟುಗಳಲ್ಲಿ ಮನೆಗಳು ಒತ್ತೊತ್ತಾಗಿ ಎದ್ದಿವೆ. ಕಿಟಕಿ ತೆರೆದರೆ ಕೆಲವೇ ಅಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಇಂಥ ಕಡೆ ಕೆಳಮಹಡಿಯಲ್ಲಿ ಮಧ್ಯಾಹ್ನವೂ ಟ್ಯೂಬ್‌ಲೈಟ್ ಬೇಕಾಗುತ್ತದೆ. ದೀಪದ ಆಯ್ಕೆ ಇಲ್ಲಿ ಅಲಂಕಾರಕ್ಕಿಂತ ಮೊದಲು ಅಗತ್ಯದ ಪ್ರಶ್ನೆ.

ವಿಷಯ ಮಂಡನೆ 1: ನೆಲದ ಲೆಕ್ಕ (30 ನಿಮಿಷ)

ಎಲ್ಲರಿಗೂ ಒಂದೇ ಕೋಣೆ ಕೊಡಿ: 10 ಅಡಿ ಅಗಲ, 12 ಅಡಿ ಉದ್ದದ ಹಾಲ್. ಮನೆಯಲ್ಲಿ ನಾಲ್ಕು ಜನ, ಅವರಲ್ಲಿ ಒಬ್ಬರು ಓದುವ ಮಗು. ಯಾರೂ ತಮ್ಮ ಮನೆಯ ನಕ್ಷೆ ಬರೆಯಬೇಕಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿ. ಪ್ರಮಾಣ 1 ಅಡಿ = 1 ಸೆಂ.ಮೀ. ವಿಸ್ತೀರ್ಣ 120 ಚದರ ಅಡಿ. ಬಾಗಿಲಿನ ಅಗಲ 3 ಅಡಿ. ಅದು ಒಳಕ್ಕೆ ತೆರೆಯುವಾಗ ಕಾಲು ವೃತ್ತದಷ್ಟು, ಅಂದರೆ ಸುಮಾರು 7 ಚದರ ಅಡಿ, ಖಾಲಿ ಇರಲೇಬೇಕು. ಓಡಾಟದ ದಾರಿ ಎರಡೂವರೆ ಅಡಿಗಿಂತ ಕಿರಿದಾಗಬಾರದು.

ತರಗತಿಯನ್ನು ಎರಡು ಗುಂಪು ಮಾಡಿ ರಟ್ಟಿನ ತುಂಡುಗಳನ್ನು ಕೊಡಿ.

ಗುಂಪು ಅ: ಮೂರು ಜನ ಕೂರುವ ಸೋಫಾ (7×3), ಒಬ್ಬೊಬ್ಬರು ಕೂರುವ ಎರಡು ಸೋಫಾ (3×3), ಟೀಪಾಯಿ (3×2), ಟಿ.ವಿ. ಸ್ಟ್ಯಾಂಡ್ (4×1.5). ಒಟ್ಟು 51 ಚದರ ಅಡಿ, ಅಂದರೆ ನೆಲದ ಶೇ. 42.5.

ಗುಂಪು ಆ: ದಿವಾನ (6×2.5), ಎರಡು ಬೆತ್ತದ ಕುರ್ಚಿ (2×2), ಟಿ.ವಿ. ಸ್ಟ್ಯಾಂಡ್ (4×1.5), ಓದುವ ಮೇಜು (3×2), ಅದರ ಕುರ್ಚಿ (1.5×1.5). ಒಟ್ಟು 37.25 ಚದರ ಅಡಿ, ಸುಮಾರು ಶೇ. 31.

ತುಂಡುಗಳನ್ನು ನಕ್ಷೆಯ ಮೇಲೆ ಜೋಡಿಸಿದ ಮೇಲೆ ಕೇಳಬೇಕಾದ ಪ್ರಶ್ನೆ: “ಎರಡರಲ್ಲೂ ಎಷ್ಟು ಜನ ಕೂರಬಹುದು?” ಅ ಗುಂಪಿನಲ್ಲಿ ಐದು. ಆ ಗುಂಪಿನಲ್ಲೂ ಐದು, ಜೊತೆಗೆ ಓದುವ ಮಗುವಿಗೆ ಬೇರೆ ಕುರ್ಚಿ, ರಾತ್ರಿ ಒಬ್ಬರಿಗೆ ಮಲಗಲು ದಿವಾನ. ಕಡಿಮೆ ಜಾಗದಲ್ಲಿ ಹೆಚ್ಚು ಕೆಲಸ ಆಗುತ್ತದೆ ಎಂಬುದನ್ನು ಶಿಕ್ಷಕರು ಹೇಳಬಾರದು, ಮಕ್ಕಳೇ ಕಂಡುಕೊಳ್ಳಬೇಕು.

ಓದುವ ಮೇಜಿಗೆ ಜಾಗವೇ ಇಲ್ಲದಿದ್ದರೆ? ಈ ಪ್ರಶ್ನೆಯನ್ನು ಯಾವ ಮಗುವೂ ಕೇಳದಿದ್ದರೆ ನೀವೇ ಎತ್ತಿ. ಹಿಂದೆ ಲೆಕ್ಕ ಬರೆಯುವವರು ನೆಲದ ಮೇಲೆ ಕುಳಿತು ಬಳಸುತ್ತಿದ್ದ ಇಳಿಜಾರು ಡೆಸ್ಕು 2×1.5 ಅಡಿಯಲ್ಲಿ, ಅಂದರೆ 3 ಚದರ ಅಡಿಯಲ್ಲಿ ಮುಗಿಯುತ್ತದೆ. ಕೆಲಸವಾದ ಮೇಲೆ ಗೋಡೆಗೆ ಒರಗಿಸಿಡಬಹುದು. ಇದನ್ನೂ ಒಂದು ಪೂರ್ಣ ಅಂಕದ ಉತ್ತರವೆಂದೇ ಪರಿಗಣಿಸಬೇಕು.

ವಿಷಯ ಮಂಡನೆ 2: ಬೆಳಕಿನ ಲೆಕ್ಕ (25 ನಿಮಿಷ)

ಡಬ್ಬಿಗಳನ್ನು ಹಂಚಿ. ವ್ಯಾಟ್ ಎಂದರೆ ದೀಪ ಬಳಸುವ ವಿದ್ಯುತ್ತಿನ ಅಳತೆ. ಲ್ಯೂಮೆನ್ ಎಂದರೆ ಅದು ಹೊರಸೂಸುವ ಒಟ್ಟು ಬೆಳಕಿನ ಅಳತೆ. ಒಂದು ಚದರ ಮೀಟರ್ ಮೇಲೆ ಬೀಳುವ ಲ್ಯೂಮೆನ್‌ಗಳ ಸಂಖ್ಯೆಯೇ ಲಕ್ಸ್. ಹಳೆಯ 60 ವ್ಯಾಟ್ ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು. 9 ವ್ಯಾಟ್ ಎಲ್‌ಇಡಿ ಸುಮಾರು 900 ಕೊಡುತ್ತದೆ. ದಿನಕ್ಕೆ 5 ಗಂಟೆಯಂತೆ 30 ದಿನಕ್ಕೆ ಮೊದಲನೆಯದು 9 ಯೂನಿಟ್, ಎರಡನೆಯದು 1.35 ಯೂನಿಟ್.

“ನಮಗೆ ಗೃಹಜ್ಯೋತಿ ಇದೆ ಮಿಸ್, ಬಿಲ್ಲೇ ಬರಲ್ಲ” ಎಂದು ಯಾರಾದರೂ ಹೇಳುವ ಸಾಧ್ಯತೆಯಿದೆ. ಒಳ್ಳೆಯ ಉತ್ತರ, ಬಳಸಿಕೊಳ್ಳಿ. 2023ರಲ್ಲಿ ಬಂದ ಆ ಯೋಜನೆಗೆ 200 ಯೂನಿಟ್‌ಗಳ ಮಿತಿಯಿದೆ. ಮಿತಿಯೊಳಗೆ ಇರಲೂ ಲೆಕ್ಕ ಬೇಕು.

ಈಗ ಅದೇ ಹಾಲಿಗೆ ಬನ್ನಿ. 120 ಚದರ ಅಡಿ ಎಂದರೆ ಸುಮಾರು 11 ಚದರ ಮೀಟರ್. 20 ವ್ಯಾಟಿನ ಎಲ್‌ಇಡಿ ಟ್ಯೂಬ್ ಸುಮಾರು 2000 ಲ್ಯೂಮೆನ್ ಕೊಟ್ಟರೆ ಭಾಗಾಕಾರದಿಂದ ಸುಮಾರು 180 ಲಕ್ಸ್. ಗೋಡೆ, ಸೀಲಿಂಗ್, ಧೂಳು ಹೀರಿದ್ದನ್ನು ಕಳೆದು ಅರ್ಧ ಹಿಡಿದರೆ 90. ಓದು-ಬರಹಕ್ಕೆ ಬೇಕಾದದ್ದು ಸುಮಾರು 300. ಉಳಿದ 210ನ್ನು ತುಂಬಲು ಸೀಲಿಂಗಿಗೆ ಇನ್ನೂ ನಾಲ್ಕು ದೀಪ ಬೇಕೇ? ಟೇಬಲ್ ಲ್ಯಾಂಪ್ ಹಚ್ಚಿ ತೋರಿಸಿ. 5 ವ್ಯಾಟಿನ ಲ್ಯಾಂಪು ಸುಮಾರು 400 ಲ್ಯೂಮೆನ್ ಸೂಸಿ, ಅದರಲ್ಲಿ ಅರ್ಧವಾದರೂ ಒಂದು ಚದರ ಮೀಟರ್ ಮೇಲೆ ಬಿದ್ದರೆ 200 ಲಕ್ಸ್. ಟ್ಯೂಬಿನ 90 ಸೇರಿ 290. ಕೆಲಸ ಇರುವ ಜಾಗಕ್ಕೆ ಬೆಳಕು ತಂದರೆ 5 ವ್ಯಾಟ್ ಸಾಕು. ಲ್ಯಾಂಪನ್ನು ಮೇಲಕ್ಕೆತ್ತಿ, ಕೆಳಕ್ಕಿಳಿಸಿ ತೋರಿಸಿದರೆ ದೂರ ಹೆಚ್ಚಾದಂತೆ ಬೆಳಕು ತಗ್ಗುವುದು ಕಣ್ಣಿಗೇ ಕಾಣುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ಲ್ಯಾಂಪು ಎಡಕ್ಕೆ, ಎಡಗೈಯವರಿಗೆ ಬಲಕ್ಕೆ ಇರಬೇಕು. ಇಲ್ಲದಿದ್ದರೆ ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ.

ಬಣ್ಣದ ವಿಚಾರಕ್ಕೆ ಚಿಕ್ಕಪೇಟೆಯ ಸೀರೆ ಅಂಗಡಿಯ ಉದಾಹರಣೆ ಸಾಕು. ಅಮ್ಮಂದಿರು ಸೀರೆಯನ್ನು ಬಾಗಿಲ ಬಳಿ ಹಗಲು ಬೆಳಕಿಗೆ ಹಿಡಿದು ನೋಡುವುದು ಏಕೆ? ಎಲ್ಲ ದೀಪವೂ ಬಣ್ಣವನ್ನು ಇದ್ದಂತೆ ತೋರಿಸುವುದಿಲ್ಲ. ಡಬ್ಬಿಯ ಮೇಲಿನ ಸಿ.ಆರ್.ಐ. ಅಂಕಿ ಇದನ್ನು ಸೂಚಿಸುತ್ತದೆ. ಮನೆಗೆ 80ಕ್ಕಿಂತ ಕಡಿಮೆ ಬೇಡ. 2700-3000 ಕೆಲ್ವಿನ್ ಎಂದರೆ ಹಳದಿ ಛಾಯೆ, ಮಲಗುವ ಕೋಣೆಗೆ ಹಿತ. 4000 ಓದಿಗೆ ಅಡುಗೆಗೆ ಸರಿ. 6500 ಎಂದರೆ ನೀಲಿ ಬೆರೆತ ಬಿಳುಪು.

ವಿಸ್ತರಣೆ (5 ನಿಮಿಷ)

ವಸ್ತುವಿನ ಗುಣವನ್ನೂ ಪ್ರಶ್ನೆಯಾಗಿಸಿ. ಪುಡಿಮರದ ಹಲಗೆ ಅಗ್ಗ, ನೋಡಲೂ ಚೆಂದ. ಆದರೆ ನೆಲ ಒರೆಸುವ ನೀರು ಅಂಚಿಗೆ ತಗುಲುತ್ತಿದ್ದರೆ ಉಬ್ಬುತ್ತದೆ. ಪ್ಲೈವುಡ್‌ನಲ್ಲಿ ಬಿ.ಡಬ್ಲ್ಯು.ಆರ್. ದರ್ಜೆ ಹೆಚ್ಚು ತೇವ ತಡೆಯುತ್ತದೆ. ಮೇಜಿನ ಸಾಮಾನ್ಯ ಎತ್ತರ 30 ಇಂಚು, ಕುರ್ಚಿಯದು 18 ಇಂಚು. ಇದು ದೊಡ್ಡವರ ಅಳತೆ. ಕುಳಿತ ಮಗುವಿನ ಪಾದ ನೆಲಕ್ಕೆ ತಾಗದಿದ್ದರೆ ಕಾಲಡಿಗೆ ಒಂದು ಹಲಗೆ ಇಡಬೇಕು.

ಮೌಲ್ಯಮಾಪನ (10 ನಿಮಿಷ)

ಅದೇ ಹಾಲಿಗೆ ಅಜ್ಜಿ ಬಂದು ಇರುತ್ತಾರೆ ಎಂದುಕೊಂಡು ಜೋಡಣೆ ಬದಲಿಸಿ, ಕಾರಣ ಬರೆಯಿರಿ. ಅಂಕ ಹಂಚಿಕೆ: ನಕ್ಷೆಯ ಪ್ರಮಾಣ 3, ಓಡಾಟದ ದಾರಿ 2, ಬೆಳಕಿನ ಲೆಕ್ಕ 3, ಕಾರಣ 2. ಚಿತ್ರದ ಅಂದಕ್ಕೆ ಅಂಕವಿಲ್ಲ. ಗೃಹಪಾಠಕ್ಕೆ ಮನೆ, ಶಾಲೆಯ ಗ್ರಂಥಾಲಯ, ಬಡಾವಣೆಯ ವಾಚನಾಲಯ, ಯಾವುದಾದರೂ ಒಂದು ಓದುವ ಜಾಗವನ್ನು ಅಳೆದು ತರಲಿ. ಆಯ್ಕೆ ಮಗುವಿನದೇ ಆಗಿರಲಿ.

ವೀಕ್ಷಕ ಅಧ್ಯಾಪಕರಿಗೆ

ಪಾಠ ವೀಕ್ಷಿಸುವವರು ಮೂರು ಅಂಶ ಗಮನಿಸಬೇಕು. ಪ್ರಶಿಕ್ಷಣಾರ್ಥಿ ಬ್ರಾಂಡ್, ಬೆಲೆಗಳ ಮಾತಿಗೆ ಜಾರಿದರೇ? ಮನೆಯ ಸ್ಥಿತಿ ಬಯಲಾಗುವ ಪ್ರಶ್ನೆ ಕೇಳಿದರೇ? ಲೆಕ್ಕ ಮಕ್ಕಳ ಕೈಯಿಂದ ಆಯಿತೇ, ಕಪ್ಪುಹಲಗೆಯ ಮೇಲೆ ಮುಗಿಯಿತೇ? ಸೊಗಸು ಬೇಡ ಎಂದು ಈ ಪಾಠ ಹೇಳುವುದಿಲ್ಲ. ಅಳತೆಗೆ ಹೊಂದಿದ ಮೇಜು, ಕಣ್ಣಿಗೆ ಹೊಡೆಯದ ದೀಪ, ಎಡವದೆ ನಡೆಯುವ ದಾರಿ ಇದ್ದ ಕೋಣೆ ತಾನಾಗಿಯೇ ಚೆಂದ ಕಾಣುತ್ತದೆ. ಅದಕ್ಕೆ ದೊಡ್ಡ ಸೈಟೇ ಬೇಕಿಲ್ಲ ಎಂಬುದನ್ನು ಹಿಂದಿನ ಬೆಂಚಿನ ಮಗುವೂ ಲೆಕ್ಕ ಮಾಡಿ ತೋರಿಸಿದರೆ ಪಾಠದ ಉದ್ದೇಶ ಈಡೇರಿದಂತೆ.